ಗಂಡುಮಕ್ಕಳಿಗೂ ಬೇಕು ಸಭ್ಯತೆಯ ಪಾಠ

ಹೆಣ್ಣುಮಗಳು ಇರುವ ಮನೆಯಲ್ಲಿ ಅವಳಿಗೆ ಬುದ್ಧಿ ಹೇಳುವವರ ಕೊರತೆಯಿಲ್ಲ. ಹೇಗೆ ಕೂಡ್ರಬೇಕು, ಎಷ್ಟು ದನಿಯಲ್ಲಿ ಮಾತಾಡಬೇಕು, ಬಂದವರಿಗೆ ಏನು ಕೊಡಬೇಕು ಎಂಬುದನ್ನು ಅಜ್ಜಿಯಿಂದ ಹಿಡಿದು ನೆರೆಮನೆಯ ಕಾಕೂವರೆಗೆ ಎಲ್ಲರೂ ಕಲಿಸುತ್ತಾರೆ. ಅದೇ ಮನೆಯ ಮಗನನ್ನು ಮಾತ್ರ “ಗಂಡು ಹುಡುಗ, ದೊಡ್ಡವನಾದರೆ ತಾನೇ ತಿಳೀತಾನ” ಎಂದು ಬಿಟ್ಟುಬಿಡುತ್ತೇವೆ. ಅವನು ದೊಡ್ಡವನೇನೋ ಆಗುತ್ತಾನೆ. ಅವನಿಗೆ ತಿಳಿಯದೇ ಉಳಿದದ್ದೇನು ಎಂಬುದು ಮಾತ್ರ ಹೆಣ್ಣು ನೋಡಲು ಹೋದ ಮನೆಯವರಿಗೆ ಮೊದಲು ಗೊತ್ತಾಗುತ್ತದೆ.

ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಕಡೆ ನಮ್ಮ ಬಂಧುಗಳು ಸೇರಿದಲ್ಲೆಲ್ಲ ಈಗ ಒಂದೇ ಮಾತು: ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. ಹೊಲವಿದೆ, ಮನೆಯಿದೆ, ದುರ್ವ್ಯಸನವಿಲ್ಲ. ಆದರೂ ಸಂಬಂಧ ಕೂಡಿಬರುತ್ತಿಲ್ಲ. ಓದಿದ ಹುಡುಗಿಯರಿಗೆ ಪುಣೆ, ಬೆಂಗಳೂರಿನ ಹುಚ್ಚು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಒಕ್ಕಲುತನದ ಆದಾಯ ಮಳೆಯನ್ನು ನಂಬಿದ್ದು ಎಂಬ ಭಯವೂ ಅವರಿಗಿದೆ, ಅದು ಸುಳ್ಳಲ್ಲ. ಆದರೆ ಹೆಣ್ಣಿನವರು ಇಂದು ಇನ್ನೂ ಒಂದು ಪ್ರಶ್ನೆ ಕೇಳುತ್ತಾರೆ: “ಹುಡುಗ ಮನೆಯಾಗ ಹೆಂಗ ಮಾತಾಡ್ತಾನ?” ಈ ಪ್ರಶ್ನೆಗೆ ಹೊಲದ ಉತಾರೆ ತೋರಿಸಿ ಉತ್ತರ ಕೊಡಲಾಗುವುದಿಲ್ಲ.

ಸಭ್ಯನೆಂದರೆ ಯಾರು?

ಇಸ್ತ್ರಿ ಅಂಗಿ, ಹೊಳೆಯುವ ಬೂಟು, ನಾಲ್ಕು ಮಾತು ಇಂಗ್ಲಿಷು ಇದ್ದರೆ ಜಂಟಲ್‌ಮನ್ ಆದಂತೆ ಎಂದು ನಮ್ಮ ತರುಣರು ತಿಳಿದಿದ್ದಾರೆ. ಉಡುಪು ಚೊಕ್ಕಟವಾಗಿರಲಿ, ಬೇಡವೆನ್ನುವವರಾರು? ಆದರೆ ನಮ್ಮ ಹಿರಿಯರು ‘ಸದ್ಗೃಹಸ್ಥ’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಆ ಮನುಷ್ಯನ ನಡೆ-ನುಡಿ. ಶ್ರಾವಕನ ಆಚಾರವನ್ನು ಹೇಳುವ ನಮ್ಮ ಗ್ರಂಥಗಳನ್ನು ತೆರೆದು ನೋಡಿದರೆ ಈ ವಿಷಯ ಎಷ್ಟು ಸೂಕ್ಷ್ಮವಾಗಿ ಬಂದಿದೆ ಎಂದು ಆಶ್ಚರ್ಯವಾಗುತ್ತದೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ವ್ರತಗಳಿಗೆ ತಗಲುವ ದೋಷಗಳನ್ನು, ಅಂದರೆ ಅತಿಚಾರಗಳನ್ನು ಒಂದೊಂದಕ್ಕೆ ಐದರಂತೆ ಎಣಿಸಿದ್ದಾರೆ. ಸತ್ಯಾಣುವ್ರತದ ಐದರಲ್ಲಿ ‘ರಹೋಭ್ಯಾಖ್ಯಾನ’ ಒಂದು. ಸ್ತ್ರೀ-ಪುರುಷರು ಏಕಾಂತದಲ್ಲಿ ಆಡಿದ್ದನ್ನು, ನಡೆದದ್ದನ್ನು ಹೊರಗೆ ಬಯಲು ಮಾಡುವುದೇ ಆ ದೋಷ. ಇನ್ನೊಂದು ‘ಕೂಟಲೇಖಕ್ರಿಯೆ’, ಅಂದರೆ ಖೋಟಾ ಬರಹ. ಯಾರದೋ ಖಾಸಗಿ ಫೋಟೋವನ್ನು ವಾಟ್ಸಾಪಿನಲ್ಲಿ ನಾಲ್ಕು ಜನಕ್ಕೆ ಕಳಿಸಿ ನಗುವುದು, ಸುಳ್ಳು ಹೆಸರಿನ ಖಾತೆ ತೆರೆದು ಹುಡುಗಿಯರಿಗೆ ಸಂದೇಶ ಬರೆಯುವುದು ಈ ಎರಡರ ಲೆಕ್ಕಕ್ಕೇ ಸೇರುವುದಿಲ್ಲವೇ? ಫೋನು ಹೊಸದು, ದೋಷ ಹಳೆಯದು.

ಅನರ್ಥದಂಡ ವಿರತಿಯ ಅತಿಚಾರಗಳು ಕಾಲೇಜಿನ ಕಟ್ಟೆಗೆ, ಬಸ್‌ಸ್ಟ್ಯಾಂಡಿಗೆ ಬರೆದಂತಿವೆ. ‘ಕಂದರ್ಪ’ ಎಂದರೆ ಅಶ್ಲೀಲ ಹಾಸ್ಯದ ಮಾತು. ಅದಕ್ಕೆ ಕೈಸನ್ನೆ, ಮೈಸನ್ನೆ ಸೇರಿದರೆ ‘ಕೌತ್ಕುಚ್ಯ’. ಹೊತ್ತುಗೊತ್ತಿಲ್ಲದ ಹರಟೆ ‘ಮೌಖರ್ಯ’. ಇವನ್ನು “ಹುಡುಗಾಟಿಕೆ” ಎಂದು ಬಿಡದೆ ದೋಷವೆಂದು ಹೆಸರಿಟ್ಟು ಕರೆದರು ಆಚಾರ್ಯರು. ಪಾಠಶಾಲೆಯಲ್ಲಿ ಮಕ್ಕಳಿಗೆ ಈ ಶಬ್ದಗಳನ್ನು ಬಾಯಿಪಾಠ ಮಾಡಿಸುವಾಗ ಅರ್ಥವನ್ನೂ ಇಂದಿನ ಉದಾಹರಣೆಯೊಂದಿಗೆ ಬಿಡಿಸಿ ಹೇಳಬೇಕು.

ಅಹಿಂಸಾಣುವ್ರತದ ದೋಷಗಳಲ್ಲಿ ‘ಅತಿಭಾರಾರೋಪಣ’ ಎಂಬುದಿದೆ. ಎತ್ತಿನ ಮೇಲೆ, ಆಳಿನ ಮೇಲೆ ಶಕ್ತಿ ಮೀರಿದ ಭಾರ ಹೇರಬಾರದೆಂದು ಇದರ ಅರ್ಥ. ಒಂದು ಕ್ಷಣ ನಮ್ಮ ಅಡಿಗೆಮನೆಯತ್ತ ನೋಡೋಣ. ಹೊತ್ತು ಮುಳುಗುವ ಮುನ್ನ ಎಲ್ಲರ ಊಟ ಆಗಬೇಕು, ನೀರು ಸೋಸಬೇಕು, ಕಾಳು ಆರಿಸಬೇಕು. ಆ ಗಡಿಬಿಡಿಯಲ್ಲಿ ತಾಯಿ ಒಬ್ಬಳೇ ಓಡಾಡುತ್ತಿದ್ದರೆ, ಇಪ್ಪತ್ತು ವರ್ಷದ ಮಗ ಫೋನು ಹಿಡಿದು “ಅವ್ವಾ, ನೀರು ಕೊಡು” ಎನ್ನುತ್ತಾನೆ. ವ್ರತ ಇಡೀ ಮನೆಯದು, ದುಡಿಮೆ ಒಬ್ಬಳದು!

ಬೋರ್ಡಿಂಗು ಕಲಿಸಿದ ಪಾಠ

ಕೈಕೆಲಸ ಮಾಡಿದರೆ ಗಂಡಸಿನ ಮಾನ ಹೋಗುತ್ತದೆಂಬ ಭ್ರಮೆಯನ್ನು ಬಿಡಿಸಿದ ದೊಡ್ಡ ಉದಾಹರಣೆ ನಮ್ಮ ಗಡಿಯ ಆಚೆಗೇ ಇದೆ. ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಕೂಡಿಯೇ ಇದ್ದು, ಕೂಡಿಯೇ ಉಣ್ಣುತ್ತಿದ್ದರು. ದುಡಿಯುತ್ತ ಕಲಿಯುವುದು ಅಲ್ಲಿಯ ಪದ್ಧತಿ. ಆ ಹುಡುಗರ ಊಟಕ್ಕೆ ಹಣ ಸಾಲದೆ ಬಂದಾಗ ಭಾವುರಾವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಮೈಮೇಲಿನ ಬಂಗಾರವನ್ನೇ ಕೊಟ್ಟರು. ಹೀಗೆ ಬೆಳೆದ ಹುಡುಗನಿಗೆ ತನ್ನ ತಾಟು ತೊಳೆಯುವುದು ಅವಮಾನವೆನಿಸಲಾರದು. ಜೊತೆಗೆ ಕೂತವನ ಜಾತಿ ಕೇಳುವ ಚಟವೂ ಹತ್ತಲಾರದು.

ಇಂದು ನಮ್ಮ ಮಕ್ಕಳೂ ಊರು ಬಿಟ್ಟು ರೂಮು ಮಾಡಿಕೊಂಡು ಇರುತ್ತಾರೆ. ಮನೆಯಲ್ಲಿ ಕಲಿಯದವನು ಅಲ್ಲಿ ಕಷ್ಟಪಡುತ್ತಾನೆ. ಕಲಿತವನು ನಾಲ್ಕು ಜನರ ನಡುವೆ ಹೊಂದಿಕೊಂಡು ಬಾಳುತ್ತಾನೆ.

ಕಾಯದೆಯೂ ಕೇಳುತ್ತದೆ

ಮನೆಯ ಹಿರಿಯರು ಕ್ಷಮಿಸಿದರೂ ಕಾಯದೆ ಕ್ಷಮಿಸುವುದಿಲ್ಲ ಎಂಬುದನ್ನು ಮಗನಿಗೆ ಸ್ಪಷ್ಟವಾಗಿ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ, ಬೇಡವೆಂದ ಹೆಣ್ಣುಮಗಳನ್ನು ಮತ್ತೆ ಮತ್ತೆ ಹಿಂಬಾಲಿಸುವುದು ಅಪರಾಧ. ಇಂಟರ್ನೆಟ್ಟಿನಲ್ಲಿ ಅವಳ ಬೆನ್ನುಹತ್ತಿ ಕಣ್ಣಿಡುವುದೂ ಅಪರಾಧವೇ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಸಿನೆಮಾದ ನಾಯಕ ಬೆನ್ನುಹತ್ತಿ ಗೆಲ್ಲುತ್ತಾನೆ. ನಮ್ಮ ಹುಡುಗ ಠಾಣೆಗೆ ಹೋಗುತ್ತಾನೆ. “ಒಲ್ಲೆ” ಎಂದರೆ ಒಲ್ಲೆ ಎಂದೇ ಅರ್ಥ.

1961ರ ಕಾಯದೆಯಂತೆ ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. “ಅಪ್ಪ ಕೇಳಿದ, ನಾ ಏನು ಮಾಡಲಿ” ಎನ್ನುವ ವರ ಸಭ್ಯನಲ್ಲ. ಅದೇ ರೀತಿ 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಈ ಕಾಯದೆ ಜೈನರಿಗೂ ಅನ್ವಯಿಸುತ್ತದೆ. ಅಕ್ಕ-ತಂಗಿಯರನ್ನು ಪಂಚಮಿಗೆ ಕರೆದು ಸೀರೆ ಉಡಿಸುವುದು ಒಳ್ಳೆಯದೇ. ಆದರೆ ಸೀರೆ ಉಡಿಸಿ, ಹಕ್ಕುಬಿಟ್ಟ ಕಾಗದಕ್ಕೆ ಮುಜುಗರಪಡಿಸಿ ಸಹಿ ಹಾಕಿಸಿಕೊಳ್ಳುವುದು ಸದ್ಗೃಹಸ್ಥರ ಲಕ್ಷಣವಲ್ಲ.

ಮನೆಯಲ್ಲಿ ಆರಂಭಿಸಬಹುದಾದ ಕೆಲವು ರೂಢಿಗಳು

1. ಎಂಟು-ಹತ್ತು ವರ್ಷದಿಂದಲೇ ಉಂಡ ತಾಟು ತಾನೇ ತೊಳೆಯಲಿ, ಹಾಸಿಗೆ ತಾನೇ ಮಡಿಚಲಿ. ಹದಿನೈದಕ್ಕೆ ಅನ್ನ, ಬೇಳೆ, ರೊಟ್ಟಿ ಮಾಡಲು ಬರಲಿ.

2. ಮನೆಗೆ ಬಂದವರಿಗೆ “ಬರ್ರಿ, ಕೂಡ್ರಿ” ಎಂದು ಎದ್ದು ಹೇಳಿ ನೀರಿನ ತಂಬಿಗೆ ಕೊಡುವ ಕೆಲಸ ಮಗನದಾಗಲಿ. ಹೊಲಕ್ಕೆ ಬಂದ ಕೂಲಿಯಾಳಿಗೂ, ಬಸ್ಸಿನ ಕಂಡಕ್ಟರನಿಗೂ “ರೀ” ಹಚ್ಚಿ ಮಾತಾಡುವ ರೂಢಿಯಿರಲಿ.

3. ಈರ್ಯಾ ಸಮಿತಿಯಲ್ಲಿ ಮುನಿಗಳು ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುತ್ತಾರೆ. ಮೋಟಾರ್‌ಸೈಕಲ್ ಕೀಲಿ ಕೊಡುವಾಗ ಮಗನಿಗೆ ಇದನ್ನು ನೆನಪಿಸಿರಿ.

4. ಹೆಣ್ಣು ನೋಡಿಬಂದ ಮೇಲೆ ಎಂಟು ದಿನದೊಳಗೆ ಹೌದೋ ಅಲ್ಲವೋ ತಿಳಿಸಬೇಕು. ಹುಡುಗಿಯ ಬಣ್ಣ, ಎತ್ತರದ ಮಾತು ಹೊರಗೆ ಆಡಬಾರದು. ಸಂಬಂಧ ಆಗದಿದ್ದರೆ ಫೋಟೋ ಅಳಿಸಬೇಕು.

5. ಎಲ್ಲಕ್ಕಿಂತ ಮುಖ್ಯ, ತಂದೆಯ ನಡತೆ. ತಂದೆ ತಾಯಿಯ ಮಾತನ್ನು ನಾಲ್ಕು ಜನರ ಮುಂದೆ ತುಂಡರಿಸಿದರೆ ಮಗ ಅದನ್ನೇ ಕಲಿಯುತ್ತಾನೆ. ತಪ್ಪಾದಾಗ ತಂದೆ “ತಪ್ಪಾಯ್ತು” ಎಂದರೆ ಅದನ್ನೂ ಕಲಿಯುತ್ತಾನೆ.

ವಾಚಕ ಬಂಧು-ಭಗಿನಿಯರೇ, ಇದಕ್ಕೆ ಶಿಬಿರ ಬೇಡ, ಫೀ ಬೇಡ. ಇಂದು ಸಂಜೆಯ ಊಟಕ್ಕೆ ತಾಟು ಹಾಕುವ ಕೆಲಸವನ್ನು ಮಗನಿಗೆ ಹೇಳಿರಿ. ಅಜ್ಜಿ “ಗಂಡು ಹುಡುಗನ ಕೈಯಾಗ ಯಾಕ?” ಎಂದು ಕೇಳಿದರೆ, ನಾಳೆ ಅವನ ಮನೆಗೆ ಬರುವ ಸೊಸೆಯ ಸಲುವಾಗಿ ಎಂದು ನಕ್ಕು ಹೇಳಿರಿ.