ಮೊದಲ ಈಡಿಗೊಂದು ರಾಗಿ ಚೀಲ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಭಾನುವಾರ. ಅಕ್ಕನ ಮಗಳಿಗೆ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆ ಬಂದ ಬೈನಾಕ್ಯುಲರ್ ಕೊರಳಲ್ಲಿ ತೂಗುತ್ತಿತ್ತು. ನೀರಿನಾಚೆ ಮರದ ತುದಿಯಲ್ಲಿ ಹೆಜ್ಜಾರ್ಲೆಯೊಂದು ಧ್ಯಾನಕ್ಕೆ ಕೂತಂತೆ ಕೂತಿತ್ತು. ಅವಳು ಬೈನಾಕ್ಯುಲರ್ ಎತ್ತಿ, ತಿರುಪು ತಿರುಗಿಸಿ, ಹುಬ್ಬು ಗಂಟಿಕ್ಕಿದಳು. "ಮಾವ, ಅದು ಅಲ್ಲಾಡ್ತಾನೇ ಇದೆ." ಹಕ್ಕಿ ಮಿಸುಕಿರಲಿಲ್ಲ. ಎರಡು ನಿಮಿಷದಲ್ಲಿ ಬೈನಾಕ್ಯುಲರ್ ನನ್ನ ಕೈಗೆ ಬಂತು, ಅವಳು ಕಲ್ಲು ಹೆಕ್ಕಲು ಹೋದಳು. ಹಕ್ಕಿ ನೋಡುವ ಆಸೆ ಎಷ್ಟೋ ಮಕ್ಕಳಲ್ಲಿ ಹೀಗೇ ಮೊದಲ ದಿನವೇ ಆರಿಹೋಗುತ್ತದೆ. ಮಗುವಿಗೆ ಆಸಕ್ತಿಯಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಕೊರತೆಯಿರುವುದು ಆಸಕ್ತಿಯದಲ್ಲ, ಆಸರೆಯದು.

ನಮ್ಮ ಅಜ್ಜಂದಿರ ಕಾಲದಲ್ಲಿ ಹುಡುಗನ ಮೊದಲ ಬೇಟೆ ಎಂದರೆ ಕೋವಿ, ಅಟ್ಟಣೆ, ಈಡು. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಬದುಕೂ ಶುರುವಾದದ್ದು ಹಾಗೆಯೇ. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿಯೆಂದು ಕೇಳಲು ಅವರು 1908ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದರು. ದೊಡ್ಡವರಾದ ಮೇಲೆ ಅವರೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಅವರ ಸಲಹೆಯಂತೆ ಒಡೆಯರ ಸರ್ಕಾರ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಯ ಬಾಗಿಲು ಮುಚ್ಚಿತು, ಮುಚ್ಚಿದ್ದೇ ಒಳ್ಳೆಯದಾಯಿತು. ಈಗ ಮಗುವಿನ ಕೈಯಲ್ಲಿರುವುದು ಗಾಜು. ಆದರೆ ಕೋವಿ ಹಿಡಿದವನನ್ನು ಕಾಡುತ್ತಿದ್ದ ಪ್ರಶ್ನೆ ಗಾಜು ಹಿಡಿದವಳನ್ನೂ ಬಿಟ್ಟಿಲ್ಲ: ಕೈ ನಿಲ್ಲುವುದು ಹೇಗೆ?

ಕೈ ನಡುಗುವುದು ದೌರ್ಬಲ್ಯವಲ್ಲ. ಆರೋಗ್ಯವಂತರೆಲ್ಲರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಕಾಣದಷ್ಟು ಸಣ್ಣದಾಗಿ ಕಂಪಿಸುತ್ತಲೇ ಇರುತ್ತದೆ. ಸ್ನಾಯು ಹಗ್ಗದಂತೆ ಒಂದೇ ಸಮನೆ ಎಳೆಯುವುದಿಲ್ಲ. ನರಗಳಿಂದ ಬಿಡಿಬಿಡಿಯಾಗಿ ಬರುವ ಸಂಕೇತಗಳಿಗೆ ಅದರ ಎಳೆಗಳು ಒಂದಾದ ಮೇಲೊಂದು ಸೆಟೆದು ಸಡಿಲಾಗುತ್ತವೆ. ಹತ್ತಾರು ಜನ ತೇರು ಎಳೆಯುವಾಗ ಎಲ್ಲರ ಜಗ್ಗೂ ಒಂದೇ ಕ್ಷಣಕ್ಕೆ ಬೀಳದೆ ಮಿಣಿ ಅದುರುತ್ತದಲ್ಲ, ಹಾಗೆ. ಇದರ ಮೇಲೆ ಉಸಿರಿನ ಏರಿಳಿತ, ಎದೆಬಡಿತ. ಸ್ನಾಯು ದಣಿದಷ್ಟೂ ನಡುಕ ಹೆಚ್ಚು.

ಇನ್ನು ಲೆಕ್ಕ. ಕೈ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವಾಲಿತು ಎನ್ನೋಣ. 50 ಮೀಟರ್ ದೂರದಲ್ಲಿ ಗುರಿ ಸುಮಾರು 9 ಸೆಂಟಿಮೀಟರ್ ಸರಿದುಹೋಗುತ್ತದೆ, ಅಂದರೆ ಮಿಂಚುಳ್ಳಿಯ ಅರ್ಧ ಮೈಯಷ್ಟು. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಹಕ್ಕಿಯ ಜೊತೆಗೆ ಈ ವಾಲುವಿಕೆಯನ್ನೂ ಎಂಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹುಣ್ಣಿಮೆ ಚಂದ್ರನ ಅಗಲ ನಮ್ಮ ಕಣ್ಣಿಗೆ ಅರ್ಧ ಡಿಗ್ರಿ. ಆ ಮಗುವಿನ ಹಕ್ಕಿ ಒಂದೂವರೆ ಚಂದ್ರನಷ್ಟು ಅತ್ತಿತ್ತ ಜಿಗಿಯುತ್ತಿರುತ್ತದೆ. ಮೇಲಾಗಿ ಅರ್ಧ ಕಿಲೋ ತೂಗುವ ಬೈನಾಕ್ಯುಲರ್ 25 ಕಿಲೋ ತೂಕದ ಮಗುವಿಗೆ, 60 ಕಿಲೋ ತೂಕದ ನಮಗೆ ಒಂದೂಕಾಲು ಕಿಲೋ ಎತ್ತಿ ಹಿಡಿದಷ್ಟು ಭಾರ. ಕೈ ಬೇಗ ಸೋಲದೆ ಇನ್ನೇನು?

ಗುರಿಕಾರರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಹಳೆಯದು: ಭಾರವನ್ನು ಸ್ನಾಯುವಿನಿಂದ ಎಲುಬಿಗೆ, ಎಲುಬಿನಿಂದ ನೆಲಕ್ಕೆ ದಾಟಿಸುವುದು. ಏರ್‌ರೈಫಲ್ ಸ್ಪರ್ಧೆಯಲ್ಲಿ ನಿಂತು ಹೊಡೆಯುವವರಿಗೆ ಯಾವ ಆಸರೆಯೂ ಇಲ್ಲ. 10 ಮೀಟರ್ ದೂರದಲ್ಲಿರುವ ಹತ್ತು ಅಂಕದ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಅವರು ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿ, ತಮ್ಮ ಅಸ್ಥಿಪಂಜರವನ್ನೇ ಕಂಬ ಮಾಡಿಕೊಳ್ಳುತ್ತಾರೆ. ಅರ್ಧ ಉಸಿರು ಬಿಟ್ಟು, ತುಸು ತಡೆದು, ಆಗ ಕುದುರೆ ಒತ್ತುತ್ತಾರೆ. ಮಗುವಿಗೆ ಇದೆಲ್ಲ ಹೇಳಿಕೊಡಬಹುದು. ಆದರೆ ಮೊದಲ ದಿನವಲ್ಲ. ಮೊದಲ ದಿನ ಬೇಕಾದದ್ದು ಹೇಳಿಕೊಡಬೇಕಿಲ್ಲದ ಆಸರೆ.

ಅಂಗಡಿಯವರು ಮೊದಲು ತೋರಿಸುವುದು ಟ್ರೈಪಾಡ್. ದೊಡ್ಡ ದೂರದರ್ಶಕಕ್ಕೆ ಅದು ಬೇಕೇ ಬೇಕು. ಮಗುವಿಗೆ ನಾನು ಕೊಡಿಸಲಾರೆ. ಮೂರು ಕಾಲು ಬಿಚ್ಚಿ, ಎತ್ತರ ಹೊಂದಿಸಿ, ತಿರುಪು ಬಿಗಿಯುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಅಗ್ಗದ ಟ್ರೈಪಾಡಿನ ನಡುಗಂಬ ಮೇಲೆತ್ತಿದರೆ ಗಾಳಿಗೇ ಅದುರುತ್ತದೆ. ಒಂಟಿಗಾಲಿನ ಮಾನೋಪಾಡ್ ಹಗುರ ನಿಜ. ಅದು ಮೇಲೆ ಕೆಳಗಿನ ನಡುಕವನ್ನು ತಡೆಯುತ್ತದೆ, ಅಡ್ಡ ವಾಲುವುದನ್ನು ತಡೆಯುವುದಿಲ್ಲ.

ಕಬಿನಿ, ಬಂಡೀಪುರದ ಸಫಾರಿ ಜೀಪುಗಳಲ್ಲಿ ಛಾಯಾಗ್ರಾಹಕರು ಕಿಟಕಿಯ ಅಂಚಿಗೆ ಒಂದು ಚೀಲ ಹಾಕಿ ಅದರ ಮೇಲೆ ಲೆನ್ಸ್ ಮಲಗಿಸುತ್ತಾರೆ. ನನ್ನ ಆಯ್ಕೆ ಅದೇ, ಬೀನ್‌ಬ್ಯಾಗ್. ಒಳಗೆ ಏನು ತುಂಬಬೇಕು ಎಂಬಲ್ಲಿ ಸೊಗಸಾದ ಭೌತಶಾಸ್ತ್ರವಿದೆ. ಕಾಳು ವಿಚಿತ್ರ ವಸ್ತು. ಮೊರದಿಂದ ಸುರಿದರೆ ನೀರಿನಂತೆ ಹರಿಯುತ್ತದೆ, ಮೂಟೆ ಕಟ್ಟಿ ಮೇಲೆ ಕೂತರೆ ಬಂಡೆಯಂತೆ ತಡೆಯುತ್ತದೆ. ಭಾರ ಬಿದ್ದಾಗ ಕಾಳುಗಳು ಸರಿದು ಲೆನ್ಸಿನ ಮೈಗೆ ಹೊಂದುವ ತಗ್ಗು ಮಾಡಿಕೊಡುತ್ತವೆ. ಆಮೇಲೆ ಒಂದಕ್ಕೊಂದು ಒತ್ತಿ ಘರ್ಷಣೆಯಿಂದ ಬಿಗಿದುಕೊಳ್ಳುತ್ತವೆ. ಕೈಯ ನಡುಕ ಚೀಲಕ್ಕೆ ತಲುಪಿದರೆ ಅದರ ಶಕ್ತಿ ಕಾಳುಗಳ ಉಜ್ಜಾಟದಲ್ಲಿ ಕರಗಿಹೋಗುತ್ತದೆ. ಹತ್ತಿಯ ದಿಂಬಿಗೆ, ಥರ್ಮೋಕೋಲ್ ಗುಂಡುಗಳಿಗೆ ಈ ಗುಣ ಕಡಿಮೆ. ಅವು ಒತ್ತಿದರೆ ತಗ್ಗುತ್ತವೆ, ಬಿಟ್ಟರೆ ಪುಟಿಯುತ್ತವೆ. ಮರಳು ಚೆನ್ನಾಗಿ ಕೂರುತ್ತದೆ, ಆದರೆ ಹೊಲಿಗೆಯಿಂದ ಸೋರಿ ಗಾಜನ್ನು ಗೀರುತ್ತದೆ.

ನಾನು ಆರಿಸಿದ್ದು ರಾಗಿ. ಸಣ್ಣ ಕಾಳು, ದುಂಡಗೆ, ತೂಕವಾಗಿ, ಚೀಲದ ಮೂಲೆಮೂಲೆಗೂ ಹರಿಯುತ್ತದೆ. ಹಳೆಯ ಜೀನ್ಸಿನ ಕಾಲನ್ನು ಒಂದು ಗೇಣಿಗಿಂತ ತುಸು ಉದ್ದ ಕತ್ತರಿಸಿ, ತುದಿಗಳಿಗೆ ಎರಡೆರಡು ಹೊಲಿಗೆ ಹಾಕಿಸಿದೆ. ಒಳಗೆ ಪ್ಲಾಸ್ಟಿಕ್ ಕವರ್ ಇರಲಿ, ನೆನೆದ ರಾಗಿ ಮುಗ್ಗುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿದು ತುಂಬಿದರೆ ಕಾಳಿಗೆ ಸರಿಯಲು ಜಾಗವಿರದೆ ಚೀಲ ಚೆಂಡಿನಂತಾಗಿ ಬೈನಾಕ್ಯುಲರ್ ಜಾರುತ್ತದೆ. ಒಂದು ಕಿಲೋ ಸಾಕು, ಮಗುವೇ ಹೊತ್ತುಕೊಳ್ಳಬಹುದು. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿದರೆ ಹುಳು ಬೀಳುವುದಿಲ್ಲ. ಕೆರೆಯ ಕಟ್ಟೆ, ಕಲ್ಲುಬೆಂಚಿನ ಒರಗು, ಕಾರಂಜಿ ಕೆರೆಯ ವೀಕ್ಷಣಾ ಗೋಪುರದ ಕಂಬಿ, ಎಲ್ಲಿ ಬೇಕಾದರೂ ಇಡಬಹುದು. ಏನೂ ಇಲ್ಲದಿದ್ದರೆ ನೆಲದ ಮೇಲೆ ಕೂತು, ಮಡಿಸಿದ ಮಂಡಿಗಳ ಮೇಲೆ.

ಬೈನಾಕ್ಯುಲರ್ ಕೊಳ್ಳುವಾಗ ಇನ್ನೊಂದನ್ನು ನೋಡಲೇಬೇಕು. ಮಕ್ಕಳ ಕಣ್ಣುಗಳ ನಡುವಿನ ಅಂತರ ದೊಡ್ಡವರಿಗಿಂತ ಕಡಿಮೆ. ನಡುವಿನ ಕೀಲು ಅಷ್ಟು ಮಡಚದಿದ್ದರೆ ಎಂಥ ಆಸರೆ ಕೊಟ್ಟರೂ ಎರಡು ವೃತ್ತ ಒಂದಾಗುವುದಿಲ್ಲ. ಮಗುವನ್ನೇ ಅಂಗಡಿಗೆ ಕರೆದೊಯ್ದು ನೋಡಿಸಿ.

ಮುಂದಿನ ಭಾನುವಾರ ಚೀಲದೊಂದಿಗೆ ಅದೇ ಏರಿಗೆ ಹೋದೆವು. ಒಂಬತ್ತು ಗಂಟೆಯಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಕಟ್ಟೆಯ ಮೇಲೆ ರಾಗಿ ಚೀಲ ಇಟ್ಟು, ಅಂಗೈಯಿಂದ ಒಂದು ಗುಳಿ ಮಾಡಿ, ಬೈನಾಕ್ಯುಲರ್ ಮಲಗಿಸಿ ಬಗ್ಗಿದಳು. ಬಹಳ ಹೊತ್ತು ಮಾತಿಲ್ಲ.

"ಮಾವ, ಮರ ಅಲ್ಲಾಡ್ತಿಲ್ಲ. ಹಕ್ಕಿ ತಲೇನೂ ಅಲ್ಲಾಡ್ತಿಲ್ಲ. ಕೊಕ್ಕಿನ ಕೆಳಗಿನ ಚೀಲ ಮಾತ್ರ ನಡುಗ್ತಿದೆ. ಇದು ನನ್ನ ಕೈಯಲ್ಲ ತಾನೆ?"

ಅವಳ ಕೈಯಲ್ಲ. ಹೆಜ್ಜಾರ್ಲೆಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಾದಾಗ ಅದು ಬಾಯಿ ತೆರೆದು ಗಂಟಲಿನ ಚೀಲವನ್ನು ಪಟಪಟ ಅದುರಿಸುತ್ತದೆ, ಒಳಗಿನ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ನಾನು ಅಷ್ಟು ಹೇಳುವಷ್ಟರಲ್ಲಿ ಅವಳು ಮತ್ತೆ ಬಗ್ಗಿ, ನಿಮಿಷಕ್ಕೆ ಎಷ್ಟು ಸಲ ಎಂದು ಎಣಿಸತೊಡಗಿದ್ದಳು.