ಮಂಗಳವಾರ ಮುದ್ರಿಸದ ಗಣಕ

ಯಂತ್ರವು ಕೆಟ್ಟರೆ ಅದನ್ನು ಮಾಡಿದವನಲ್ಲಿಗೆ ಹೋಗಿ ದೂರುವುದು ಲೋಕರೂಢಿ. ಆದರೆ ಬಳಸುವವರ ದೂರುಗಳನ್ನು ಕೇಳಿ ಕೇಳಿಯೇ ಕಟ್ಟಿದ ಯಂತ್ರವನ್ನು ನಮ್ಮ ವಾಚಕರು ಹೆಚ್ಚಾಗಿ ಕಂಡಿರಲಾರರು. ಗಣಕಗಳ ಲೋಕದಲ್ಲಿ ಅಂತಹುದೊಂದು ಉಂಟು. ಅದರ ಹೆಸರು ಲಿನಕ್ಸ್.

ಗಣಕವನ್ನು ಚಾಲೂ ಮಾಡಿದೊಡನೆ ಎಚ್ಚರಗೊಂಡು, ಕೀಲಿಮಣೆ, ತೆರೆ, ಸ್ಮೃತಿ, ಮುದ್ರಣಯಂತ್ರ ಇವೆಲ್ಲವನ್ನೂ ಒಂದು ಶಿಸ್ತಿನಲ್ಲಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ಮನೆಗಳಲ್ಲಿ ಬಹುಮಟ್ಟಿಗೆ ಕಾಣುವ ವ್ಯವಸ್ಥೆ ವಿಂಡೋಸ್. ಅದರ ಹತ್ತನೆಯ ಆವೃತ್ತಿಗೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ನೆರವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹೊಸ ಆವೃತ್ತಿಯನ್ನು ಹೊರಲಾರದ ಹಳೆಯ ಗಣಕಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಾಗ ಅನೇಕರು ಲಿನಕ್ಸಿನ ಕಡೆಗೆ ತಿರುಗಿದರು. ಅದನ್ನು ಹಣ ಕೊಡದೆ ಪಡೆಯಬಹುದು. ಒಳಗಿನ ರಚನೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇದಕ್ಕೆ ಒಬ್ಬ ಯಜಮಾನನೆಂಬವನಿಲ್ಲ. ಕರಾರುವಾಕ್ಕಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಒಳತಿರುಳಿನ ಹೆಸರು ಮಾತ್ರ. ಅದರ ಮೇಲೆ ಗ್ನೋಮ್, ಕೆಡಿಇ ಮುಂತಾದ ಮೇಜುಗಳನ್ನು ಹಾಸಿ, ಡೆಬಿಯನ್, ಉಬುಂಟು, ಮಿಂಟ್ ಎಂಬ ಹೆಸರುಗಳಲ್ಲಿ ಕಟ್ಟಿ ಹಂಚುವವರು ಬೇರೆ ಬೇರೆ ತಂಡಗಳವರು.

1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ ತರುಣನು ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯ ಬಳಕೆದಾರರಿಗೆ ಒಂದು ಪ್ರಕಟಣೆಯನ್ನು ಕಳುಹಿಸಿದನು. ತಾನು ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ಕಟ್ಟುತ್ತಿರುವುದಾಗಿಯೂ, ಮಿನಿಕ್ಸಿನಲ್ಲಿ ಜನರಿಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ತಿಳಿಸಬೇಕೆಂದೂ ಅದರಲ್ಲಿ ಕೇಳಿದ್ದನು. ಸಲಹೆಗಳಿಗೆಲ್ಲ ಸ್ವಾಗತವಿದೆ, ಆದರೆ ಅವನ್ನು ಜಾರಿಗೆ ತರುವ ಭರವಸೆಯನ್ನು ಮಾತ್ರ ಕೊಡಲಾರೆ ಎಂಬ ತಮಾಷೆಯ ಮಾತೂ ಅಲ್ಲಿತ್ತು.

ಅದೇ ವರ್ಷದ ಕೊನೆಯಲ್ಲಿ ಜರ್ಮನಿಯ ಒಬ್ಬ ಬಳಕೆದಾರನಿಂದ ಬಂದ ಕೋರಿಕೆ ಇಂದಿಗೂ ನೆನೆಯತಕ್ಕದ್ದು. ಆತನ ಗಣಕದಲ್ಲಿದ್ದ ಸ್ಮೃತಿ ಕೇವಲ 2 ಮೆಗಾಬೈಟ್. ಮೂಲ ಬರಹವನ್ನು ಯಂತ್ರಭಾಷೆಗೆ ಮಾರ್ಪಡಿಸುವ ಕಂಪೈಲರ್ ಎಂಬ ತಂತ್ರಾಂಶ ಅಷ್ಟು ಇಕ್ಕಟ್ಟಿನಲ್ಲಿ ನಡೆಯಲಾರದೆ ಹೋಯಿತು. ಆದುದರಿಂದ ಕಡಿಮೆ ಸ್ಥಳ ಬೇಡುವ ಚಿಕ್ಕ ಕಂಪೈಲರನ್ನು ಬಳಸಬಾರದೇ ಎಂದು ಆತನು ಕೇಳಿದನು. ಟೋರ್ವಾಲ್ಡ್ಸನಿಗೆ ಸ್ವತಃ ಆ ಕೊರತೆಯಿರಲಿಲ್ಲ. ಆದರೂ ಆತನು ಕ್ರಿಸ್ಮಸ್ ಹಬ್ಬದೊಳಗೆ ಬೇರೆಯೇ ಒಂದು ಪರಿಹಾರವನ್ನು ಸಿದ್ಧಪಡಿಸಿದನು. ಅಂಗಡಿಯ ಗಲ್ಲೆಯ ಬಳಿ ಜಾಗ ಸಾಲದಿದ್ದರೆ ಸದ್ಯಕ್ಕೆ ಬೇಡದ ಸಾಮಾನುಗಳನ್ನು ಅಟ್ಟಕ್ಕೇರಿಸಿ, ಗಿರಾಕಿ ಕೇಳಿದಾಗ ಇಳಿಸಿಕೊಳ್ಳುತ್ತಾರಷ್ಟೆ. ಹಾಗೆಯೇ ಸ್ಮೃತಿಯಲ್ಲಿ ಆ ಕ್ಷಣಕ್ಕೆ ಬೇಡದ ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದೊಡನೆ ಮರಳಿ ತರುವ ಏರ್ಪಾಡು ಅದು. ಮಿನಿಕ್ಸಿನಲ್ಲಿ ಇರದಿದ್ದ ಈ ಅನುಕೂಲ ಲಿನಕ್ಸಿಗೆ ಬಹುಮಂದಿ ಹೊಸ ಬಳಕೆದಾರರನ್ನು ತಂದುಕೊಟ್ಟಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜರ್ಮನಿಯವನು ಕೇಳಿದ್ದು ಒಂದು, ದೊರೆತದ್ದು ಮತ್ತೊಂದು. ಆತನು ಸೂಚಿಸಿದ ಪರಿಹಾರ ಅಷ್ಟೇನೂ ಉತ್ತಮವಾಗಿರಲಿಲ್ಲ. ಆದರೆ ತನ್ನ ಕಷ್ಟವನ್ನು ಆತನು ಅಳತೆಗಳೊಡನೆ ಸ್ಪಷ್ಟವಾಗಿ ಹೇಳಿದ್ದನು. ಕಷ್ಟವೇನೆಂದು ಬಳಸುವವನು ಬಲ್ಲ, ಮದ್ದೇನೆಂದು ಕಟ್ಟುವವನು ಬಲ್ಲ. ಸಲಹೆ ಕೊಡುವವರಲ್ಲಿ ಬಹುಮಂದಿ ಕಷ್ಟವನ್ನು ನುಂಗಿಕೊಂಡು ಮದ್ದನ್ನು ಮಾತ್ರ ಹೇಳುತ್ತಾರೆ.

ಇನ್ನು ಮಂಗಳವಾರದ ಕಥೆ. 2009ರಲ್ಲಿ ಉಬುಂಟು ಬಳಸುತ್ತಿದ್ದವನೊಬ್ಬನ ಪತ್ನಿ, ತಮ್ಮ ಗಣಕದಲ್ಲಿ ಮಂಗಳವಾರದಂದು ಮಾತ್ರ ಮುದ್ರಣವಾಗುವುದಿಲ್ಲವೆಂದು ದೂರಿದಳು. ಕೇಳಿದವರು ನಗುವಂತಹ ಮಾತು, ಯಂತ್ರಕ್ಕೆ ವಾರವೆಲ್ಲಿಯದು? ಆದರೆ ಪರೀಕ್ಷಿಸಿ ನೋಡಿದಾಗ ಆಕೆಯ ಮಾತು ಅಕ್ಷರಶಃ ನಿಜವಾಗಿತ್ತು. ಕಡತವೊಂದು ಯಾವ ಜಾತಿಯದೆಂದು ಅದರ ಮೊದಲ ಭಾಗದ ಗುರುತುಗಳನ್ನು ನೋಡಿ ನಿರ್ಣಯಿಸುವ ಒಂದು ಚಿಕ್ಕ ತಂತ್ರಾಂಶ ಲಿನಕ್ಸಿನಲ್ಲಿದೆ. ಎರ್ಲಾಂಗ್ ಎಂಬ ಭಾಷೆಯ ಒಂದು ಬಗೆಯ ಕಡತವನ್ನು ಗುರುತಿಸಲು ಅದರಲ್ಲಿ 1991ರ ಜನವರಿ 22, ಮಂಗಳವಾರದ ದಿನಾಂಕವನ್ನು ಇಡಿಯಾಗಿ ಬರೆದಿತ್ತು. ಆದರೆ ಪದಗಳ ನಡುವಣ ತೆರಪನ್ನು ಸರಿಯಾದ ಕ್ರಮದಲ್ಲಿ ಗುರುತಿಸದೆ ಹೋದ ಕಾರಣ, ದಿನಾಂಕದ ಉಳಿದ ಭಾಗವೆಲ್ಲ ಬಿದ್ದುಹೋಗಿ ಮಂಗಳವಾರವನ್ನು ಸೂಚಿಸುವ ಮೂರು ಇಂಗ್ಲಿಷ್ ಅಕ್ಷರಗಳಷ್ಟೇ ಗುರುತಾಗಿ ಉಳಿದವು. ಮುದ್ರಣಕ್ಕೆ ಹೋಗುವ ಕಡತದ ತಲೆಬರಹದಲ್ಲಿ ಅದು ಸಿದ್ಧವಾದ ವಾರವೂ ನಮೂದಾಗುತ್ತದೆ. ಮಂಗಳವಾರ ಬಂದಿತೆಂದರೆ ಆ ಮೂರು ಅಕ್ಷರಗಳು ಕಣ್ಣಿಗೆ ಬೀಳುವುವು. ಇದು ಮುದ್ರಿಸುವ ಕಡತವೇ ಅಲ್ಲವೆಂದು ಯಂತ್ರವು ಸುಮ್ಮನಾಗುವುದು!

ಪ್ರವೀಣರು ತಿಂಗಳುಗಟ್ಟಲೆ ಹುಡುಕಿದರೂ ಸಿಕ್ಕದಿದ್ದೀತೆಂಬ ಸುಳಿವನ್ನು ವಾರವನ್ನು ಲೆಕ್ಕವಿಟ್ಟ ಗೃಹಿಣಿ ಕೊಟ್ಟಳು. ‘ಮುದ್ರಣ ಆಗಾಗ ಕೆಡುತ್ತದೆ’ ಎಂದಷ್ಟೇ ಆಕೆ ಹೇಳಿದ್ದರೆ ಆ ದೂರು ಕಡತಗಳ ರಾಶಿಯಲ್ಲಿ ಹೂತುಹೋಗುತ್ತಿತ್ತು.

ಸಲಹೆಗಳನ್ನು ಮತ ಹಾಕಿ ಆರಿಸುವ ಪ್ರಯೋಗವೂ ನಡೆದದ್ದುಂಟು. 2008ರಲ್ಲಿ ಉಬುಂಟುವಿನವರು ಬಳಕೆದಾರರೇ ಸಲಹೆ ಬರೆದು ತಾವೇ ಮತ ಹಾಕುವ ವ್ಯವಸ್ಥೆಯನ್ನು ಏರ್ಪಡಿಸಿದರು. ಕೆಲವು ವರ್ಷಗಳಲ್ಲಿ ಅದು ನಿಂತಿತು. 2010ರಲ್ಲಿ ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸಾಗಿಸಿದಾಗ ಬಳಕೆದಾರರ ವಿರೋಧ ಬಹಳವಾಗಿ ಕೇಳಿಬಂದಿತು. ಇದು ಪ್ರಜಾಪ್ರಭುತ್ವವಲ್ಲವೆಂದು ಉಬುಂಟುವಿನ ಸ್ಥಾಪಕ ಮಾರ್ಕ್ ಷಟಲ್‌ವರ್ತ್ ಬಿಚ್ಚುಮಾತಿನಲ್ಲಿ ಹೇಳಿಬಿಟ್ಟನು. ನಮಗೆ ಹೆಚ್ಚು ಹಿಡಿಸಿದ್ದು 2009ರಲ್ಲಿ ಅದೇ ತಂಡ ಕೈಗೊಂಡ ಇನ್ನೊಂದು ಕ್ರಮ. ಕಾಗದದ ಅಂಚು ಬೆರಳಿಗೆ ತಗಲಿ ಆಗುವ ಸಣ್ಣ ಗೀರಿನಂತೆ, ಪ್ರಾಣಕ್ಕೆ ಅಪಾಯವಿಲ್ಲದಿದ್ದರೂ ದಿನವೂ ಕಾಡುವ ನೂರು ಚಿಕ್ಕ ದೋಷಗಳನ್ನು ಆರಿಸಿ ತಿದ್ದುವುದೆಂದು ಅವರು ಸಂಕಲ್ಪಿಸಿದರು. ಮತಗಣನೆಯಲ್ಲಿ ಒಂದು ದೊಡ್ಡ ಅನ್ಯಾಯವಿದೆ. ಲೋಕದ ಬಳಕೆದಾರರಲ್ಲಿ ಕನ್ನಡ ಬರೆಯುವವರು ಎಷ್ಟು ಮಂದಿ? ನಮ್ಮ ಒತ್ತಕ್ಷರದ ಕಷ್ಟ ಎಷ್ಟು ಮತ ಪಡೆದೀತು? ಆದರೆ ಸಾಕ್ಷ್ಯಸಮೇತ ಬರೆದ ದೋಷ ನಿವೇದನೆಗೆ ಮತ ಬೇಡ. ಅದು ಒಂದೇ ಆದರೂ ನಿಲ್ಲುತ್ತದೆ.

ಅಂಬಲಪಾಡಿಯ ವಿದ್ಯಾರ್ಥಿಯೊಬ್ಬನು ಮನೆಯ ಹಳೆಯ ಗಣಕದಲ್ಲಿ ಲಿನಕ್ಸನ್ನು ಹಾಕಿಕೊಂಡನೆಂದು ಭಾವಿಸೋಣ. ಮೊದಲಿಗೆ ಆತನು ತನ್ನ ಊರಿನ ಹೆಸರನ್ನೇ ಬರೆಯುತ್ತಾನೆ. ಅಂಬಲಪಾಡಿ ಎಂಬುದಕ್ಕೆ ಗಣಕದೊಳಗೆ ಎಂಟು ಸಂಕೇತಗಳು. ಒಂದರ ಹಿಂದೊಂದು ಬಂದು ಕೂಡುತ್ತವೆ. ಉಡುಪಿ, ಮಣಿಪಾಲ, ಕಾಪು ಇವೂ ಸುಲಭ; ಒತ್ತಕ್ಷರದ ಗೊಡವೆಯಿಲ್ಲ. ನಿಜವಾದ ಪರೀಕ್ಷೆ ಎದುರಾಗುವುದು ಕಾರ್ಕಳದಲ್ಲಿ. ಇದರ ಸಂಕೇತಗಳು ಆರು: ಕ, ಕಾಗುಣಿತದ ದೀರ್ಘ, ರ, ಹಲಂತ, ಕ, ಳ. ಉಚ್ಚಾರದಲ್ಲಿ ಮೊದಲು ಬರುವ ರಕಾರವು ಬರಹದಲ್ಲಿ ಅರ್ಕಾವೊತ್ತಾಗಿ ಎರಡನೆಯ ಕಕಾರದ ಬಲಕ್ಕೆ ಹೋಗಿ ಕೂರಬೇಕು. ಕೀಲಿಮಣೆಯ ವಿನ್ಯಾಸವು ಬೆರಳೊತ್ತನ್ನು ಸಂಕೇತವಾಗಿಸುತ್ತದೆ. ಯುನಿಕೋಡ್ ಎಂಬ ಜಾಗತಿಕ ಪಟ್ಟಿ ಆ ಸಂಕೇತಗಳಿಗೆ ಸ್ಥಾನವನ್ನು ಗೊತ್ತುಪಡಿಸಿದೆ. ಹಾರ್ಫ್‌ಬಜ್ ಎಂಬ ತಂತ್ರಾಂಶ ಅವನ್ನು ಹೊಂದಿಸುತ್ತದೆ. ಕೊನೆಗೆ ಲಿಪಿರೂಪವನ್ನು ಕೊಡುವುದು ಫಾಂಟು. ಈ ನಾಲ್ಕು ಕೈಗಳಲ್ಲಿ ಯಾವುದೊಂದು ತಪ್ಪಿದರೂ ಕಾರ್ಕಳ ಕೆಡುತ್ತದೆ.

ಕೆಟ್ಟರೆ ಮೊದಲು ಫಾಂಟನ್ನು ಬದಲಿಸಿ ನೋಡಬೇಕು. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳು ಲಿನಕ್ಸಿಗೆ ದೊರೆಯುತ್ತವೆ. ಒಂದರಲ್ಲಿ ಕೆಟ್ಟು ಇನ್ನೊಂದರಲ್ಲಿ ಸರಿಯಿದ್ದರೆ ತಪ್ಪು ಫಾಂಟಿನದು. ಎಲ್ಲ ಫಾಂಟುಗಳಲ್ಲಿಯೂ ಕೆಟ್ಟು, ಆದರೆ ಒಂದೇ ತಂತ್ರಾಂಶದಲ್ಲಿ ಮಾತ್ರ ಹಾಗಾಗುತ್ತಿದ್ದರೆ ತಪ್ಪು ಆ ತಂತ್ರಾಂಶದ್ದು. ಎಲ್ಲೆಲ್ಲಿಯೂ ಕೆಟ್ಟರೆ ಹೊಂದಿಸುವಿಕೆಯನ್ನೋ ಬೆರಳೊತ್ತಿನ ಕ್ರಮವನ್ನೋ ಶಂಕಿಸಬೇಕು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ವಿಧಾನವಷ್ಟೆ ಇದು.

ಕೀಲಿಮಣೆಯ ಮಾತು ಬಂದುದರಿಂದ ಹೇಳಲೇಬೇಕು. ಮಣಿಪಾಲದ ವಿದ್ಯಾವಲಯದಲ್ಲಿ ಸುಪರಿಚಿತರಾದ ಕಿನ್ನಿಕಂಬಳ ಪದ್ಮನಾಭ ರಾಯರು ಉಚ್ಚಾರಣೆಯನ್ನು ಅನುಸರಿಸಿ ಕನ್ನಡವನ್ನು 26 ಇಂಗ್ಲಿಷ್ ಕೀಲಿಗಳಲ್ಲಿ ಅಡಕಮಾಡಿದರು. ಹಲಂತಕ್ಕೆ ಎಫ್ ಕೀಲಿಯನ್ನಿಟ್ಟದ್ದು ಅವರ ಯುಕ್ತಿ. ಕರ್ನಾಟಕ ಸರಕಾರವು ಮಾನ್ಯಮಾಡಿದ ವಿನ್ಯಾಸಕ್ಕೆ ಇದೇ ಆಧಾರ. ಲಿನಕ್ಸಿನಲ್ಲಿ ಇದು ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ಆದರೂ ‘ರ‍್ಯಾಂಕ್’ ಎಂಬ ಮಾತನ್ನು ಬರೆಯಹೊರಟ ವಿದ್ಯಾರ್ಥಿಗೆ ‘ರ್ಯಾಂಕ್’ ಎಂದು ಅರ್ಕಾವೊತ್ತೇ ಎದುರಾಗಬಹುದು. ರಕಾರಕ್ಕೂ ಹಲಂತಕ್ಕೂ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಿದರಷ್ಟೇ ರಕಾರ ತನ್ನ ರೂಪದಲ್ಲಿ ನಿಲ್ಲುತ್ತದೆ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗದಂತೆ ತಡೆಯುವುದೂ ಅಂತಹುದೇ ಇನ್ನೊಂದು ಅದೃಶ್ಯ ಸಂಕೇತ. ಅವುಗಳ ಕೀಲಿ ಯಾವುದೆಂದು ಹೊಸಬನಿಗೆ ಎದ್ದುಕಾಣುವಂತೆ ತೋರಿಸಿಲ್ಲದಿದ್ದರೆ ಅದೂ ಒಂದು ದೋಷವೇ, ನಿವೇದಿಸತಕ್ಕ ದೋಷ. ಇಂಗ್ಲಿಷ್ ಬರೆಯುವವನು ಅದನ್ನು ಎಂದೆಂದಿಗೂ ಕಾಣಲಾರನು.

ಅಂಬಲಪಾಡಿಯನ್ನು ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಮಂಗಳೂರನ್ನು ದಾಟಿ ಕಾಸರಗೋಡು. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಪಾಠ ಬಹುವರ್ಷಗಳಿಂದ ಗ್ನೂ/ಲಿನಕ್ಸಿನ ಮೇಲೆ ನಡೆಯುತ್ತಿದೆ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಪಠ್ಯವಾಗಿಯೇ ಲಿನಕ್ಸನ್ನು ಬಳಸುತ್ತಾರೆ. ಅದರಲ್ಲಿ ಕನ್ನಡ ಎಲ್ಲಿ ತೊಡರುತ್ತದೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿಗಳು ಯಾರು?

‘ಕನ್ನಡ ಸರಿಯಿಲ್ಲ’ ಎಂದು ಬರೆದರೆ ಫಿನ್‌ಲೆಂಡಿನವನಾಗಲಿ ಜರ್ಮನಿಯವನಾಗಲಿ ಏನು ಮಾಡಬಲ್ಲನು? ಇಂತಹ ಆವೃತ್ತಿ, ಇಂತಹ ತಂತ್ರಾಂಶ, ಇಂತಹ ಫಾಂಟು. ಈ ಆರು ಸಂಕೇತಗಳನ್ನು ಈ ಕ್ರಮದಲ್ಲಿ ಒತ್ತಿದೆವು. ಹೀಗೆ ಕಾಣಬೇಕಿತ್ತು, ಹೀಗೆ ಕಂಡಿತು. ಎರಡರ ಚಿತ್ರ ಜೊತೆಗಿದೆ ಎಂದು ಬರೆದರೆ ಕನ್ನಡದ ಒಂದಕ್ಷರವೂ ಬಾರದವನು ಅದನ್ನು ತಿದ್ದಬಲ್ಲನು. ಇದಕ್ಕೆ ಬೇಕಾದ ಇಂಗ್ಲಿಷ್ ಹೈಸ್ಕೂಲಿನಲ್ಲಿ ಕಲಿತಷ್ಟು ಸಾಕು. ಬೇರೆಯವರು ಅದನ್ನೇ ಮೊದಲು ನಿವೇದಿಸಿದ್ದರೆ ಹೊಸದನ್ನು ಬರೆಯುವ ಬದಲು ಅಲ್ಲಿಯೇ ತಮ್ಮ ಸಾಕ್ಷ್ಯವನ್ನು ಸೇರಿಸುವುದು ಮರ್ಯಾದೆ.

ಹೊತ್ತು ಮೀರಿದರೆ ಏನಾಗುತ್ತದೆಂಬುದಕ್ಕೂ ಕನ್ನಡದಲ್ಲಿಯೇ ನಿದರ್ಶನವಿದೆ. ಹಳಗನ್ನಡದ ೞಕಾರವನ್ನು ಬಲ್ಲ ವಾಚಕರುಂಟಷ್ಟೆ. ಯುನಿಕೋಡ್ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಸ್ಥಾನವೇನೋ ದೊರೆಯಿತು, ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯೆಂದು ನಮೂದಿಸಿದ್ದಾರೆ. ಮೂಲದ ತಪ್ಪು ಮಾತ್ರ ಶಾಶ್ವತ.

2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದೆ. ಕರಾವಳಿಯ ಓಲೆಗರಿಗಳ ಲಿಪಿ ಅದು. ಅದಕ್ಕೂ ಕೀಲಿಮಣೆಯ ವಿನ್ಯಾಸ ಬೇಕು, ಫಾಂಟು ಬೇಕು, ಒತ್ತಕ್ಷರಗಳನ್ನು ಹೊಂದಿಸುವ ನಿಯಮಗಳು ಬೇಕು. ಅವು ಒಂದೊಂದಾಗಿ ಲಿನಕ್ಸಿನ ಮೇಜಿಗೆ ಬಂದಂತೆ ಓಲೆಗರಿಯೊಡನೆ ಅಕ್ಷರಕ್ಕೆ ಅಕ್ಷರವನ್ನು ಒಪ್ಪನೋಡಿ ತಪ್ಪು ತೋರಿಸಬಲ್ಲ ಕಣ್ಣುಗಳು ಬೇಕು. ಅಂತಹ ಓಲೆಗರಿಗಳನ್ನು ಓದಬಲ್ಲವರು ಇನ್ನೂ ಉಡುಪಿಯ ಆಸುಪಾಸಿನಲ್ಲಿದ್ದಾರೆ.