ರಾತ್ರಿ ಕಳೆದರೆ ಕಪ್ಪಾಗುವ ನೀರು

ಬೆಂಗಳೂರಿನ ಸುಬ್ರಹ್ಮಣ್ಯಪುರದ ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಡುತ್ತದೆ. ಆಮೇಲೆ ಒಂದೆರಡು ಕೊಡದಷ್ಟು ಕಂದು ನೀರು, ಅದರ ಹಿಂದೆ ತಿಳಿನೀರು. ಕಂದು ನೀರನ್ನು ಗಿಡಕ್ಕೆ ಬಿಟ್ಟು, ತಿಳಿನೀರನ್ನು ಸಂಪಿಗೆ ತಿರುಗಿಸುವುದು ಬೀದಿಯ ಎಲ್ಲರ ರೂಢಿ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದ ನೀರು ಅದು. ಅಷ್ಟು ಕಷ್ಟಪಟ್ಟು ಬಂದದ್ದರ ಮೇಲೆ ಅನುಮಾನ ಪಡಲು ಮನಸ್ಸು ಬರುವುದಿಲ್ಲ.

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಮಗುವಿಗೆ ತಿಂಗಳೊಳಗೆ ಮೂರು ಸಲ ಭೇದಿಯಾಯಿತು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದಲೇ ಕೇಳಿದರು: “ನೀರು ಹೆಂಗಿದೆಯಪ್ಪಾ ನಿಮ್ಮನೇದು?”

“ಕನ್ನಡಿ ಇದ್ದಂಗಿದೆ ಅಜ್ಜಿ. ವಾಸನೇನೂ ಇಲ್ಲ.”

“ಕನ್ನಡಿ ಇದ್ದಂಗಿದ್ರೆ ಆಯ್ತಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುವ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ಅವರು ಮಾರನೆಯ ದಿನ ಮೂರು ಪುಟ್ಟ ಬಾಟಲಿಗಳನ್ನು ತಂದುಕೊಟ್ಟರು. ಒಳಗೆ ಮಡಚಿಟ್ಟ ಕಾಗದ, ಹೊರಗೆ ಒಂದು ಗೆರೆ. ಗೆರೆಯವರೆಗೆ ನೀರು ತುಂಬಿಸಿ ಮುಚ್ಚಳ ಬಿಗಿಮಾಡಿ ಬೆಚ್ಚಗಿನ ಜಾಗದಲ್ಲಿಡಬೇಕು. ಕಪ್ಪಾದರೆ ಆ ನೀರನ್ನು ಕುಡಿಯಬಾರದು. ಅಷ್ಟೇ ಸೂಚನೆ. ಬೀದಿ ನಲ್ಲಿಯದೊಂದು, ಸಂಪಿನದೊಂದು, ಬೋರ್‌ವೆಲ್ಲಿನದೊಂದು ಎಂದು ಮೂರನ್ನೂ ತುಂಬಿಸಿ, ಸದಾ ಬೆಚ್ಚಗಿರುವ ಯುಪಿಎಸ್ ಪೆಟ್ಟಿಗೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಇಷ್ಟು ಸರಳವಾದದ್ದನ್ನು ಯಾರು ಕಂಡುಹಿಡಿದರು ಎಂದು ಹುಡುಕಲು ಕೂತದ್ದು ಆ ರಾತ್ರಿ.

ನೀರಿನಲ್ಲಿ ರೋಗವಿದೆ ಎಂದು ತೋರಿಸಿಕೊಟ್ಟ ದೊಡ್ಡ ಘಟನೆಯೊಂದು ನಮ್ಮ ದೇಶದಲ್ಲೇ ನಡೆದದ್ದು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾದ ಜೀವಾಣುವನ್ನು ಬೇರ್ಪಡಿಸಿದರು. ಜನ ಕುಡಿಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ ಕೆರೆಯೊಂದರ ನೀರಿನಲ್ಲೂ ಅದು ಸಿಕ್ಕಿತು. ಆದರೆ ಕಾಲರಾ, ಟೈಫಾಯ್ಡ್, ಆಮಶಂಕೆ, ಕಾಮಾಲೆ ಎಂದು ಒಂದೊಂದು ರೋಗದ ಕಾರಣವನ್ನೂ ಪ್ರತಿ ಕೊಡ ನೀರಿನಲ್ಲಿ ಹುಡುಕುತ್ತ ಕೂತರೆ ಮುಗಿಯುವುದು ಯಾವಾಗ? ದಾರಿ ಬೇರೆ ಕಡೆಯಿಂದ ತೆರೆಯಿತು. 1885ರಲ್ಲಿ ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಕ್ ಶಿಶುಗಳ ಮಲದಲ್ಲಿ ಒಂದು ಜೀವಾಣುವನ್ನು ಗುರುತಿಸಿದರು. ಇಂದು ಅದಕ್ಕೆ ಅವರದೇ ಹೆಸರು: ಎಶರೀಕಿಯಾ ಕೋಲೈ. ಆರೋಗ್ಯವಂತರ ಕರುಳಿನಲ್ಲೂ ಅದು ಕೋಟಿಗಟ್ಟಲೆ ಇರುತ್ತದೆ. ಹಾಗಾಗಿ ಅದು ನೀರಿನಲ್ಲಿ ಕಂಡರೆ ಮಲ ಸೇರಿದೆ ಎಂದೇ ಅರ್ಥ. ಮಲ ಸೇರಿದಲ್ಲಿ ಇಂದಲ್ಲ ನಾಳೆ ರೋಗವೂ ಸೇರುತ್ತದೆ.

ಅಲ್ಲಿಂದ ಮುಂದೆ ನೀರಿನ ಪರೀಕ್ಷೆ ಎಂದರೆ ಇದರ, ಇದನ್ನು ಹೋಲುವ ಕೋಲಿಫಾರಂ ಎಂಬ ಗುಂಪಿನ ಹುಡುಕಾಟ. ಸಾಲು ಸಾಲು ಗಾಜಿನ ನಳಿಕೆಗಳು, ಪ್ರತಿಯೊಂದರೊಳಗೂ ಗುಳ್ಳೆ ಹಿಡಿಯಲು ಬೋರಲು ಹಾಕಿದ ಇನ್ನೊಂದು ಪುಟ್ಟ ನಳಿಕೆ, ಹದವಾದ ಶಾಖದ ಪೆಟ್ಟಿಗೆ, ಕಲಿತ ಕೈ, ಎರಡು ದಿನದಿಂದ ನಾಲ್ಕು ದಿನ. ನೀರನ್ನು ತಣ್ಣಗಿಟ್ಟು ಒಂದು ದಿನದೊಳಗೆ ಪ್ರಯೋಗಾಲಯ ಮುಟ್ಟಿಸಲೂಬೇಕು. ನಗರದಲ್ಲಿ ಇದು ನಡೆದೀತು. ಬಸ್ಸೇ ಹೋಗದ ಊರಿನ ಬಾವಿಗೆ?

ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿತ್ತು. ಆ ದಶಕದ ಆರಂಭದಲ್ಲೇ, 1982ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಐದೇ ಪುಟಗಳ ಲೇಖನವೊಂದು ಬಂತು. ಬರೆದವರು ಕೆ.ಎಸ್. ಮಂಜ, ಎಂ.ಎಸ್. ಮೌರ್ಯ, ಕೆ.ಎಂ. ರಾವ್. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಗಮನಿಸಿದ್ದು ಇಷ್ಟು: ಕೋಲಿಫಾರಂ ಜೀವಾಣುಗಳಿರುವ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿಸುವ ಜೀವಾಣುಗಳೂ ತಪ್ಪದೆ ಇರುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ಎಶರೀಕಿಯಾ ಕೋಲೈ ಸಾಮಾನ್ಯವಾಗಿ ಈ ಅನಿಲವನ್ನು ಬಿಡುವುದಿಲ್ಲ. ಬಿಡುವುದು ಅದರ ಜೊತೆಗೆ ಕರುಳಿನಿಂದ ಹೊರಟ ಸಂಗಾತಿಗಳು: ಸಾಲ್ಮೊನೆಲ್ಲಾ, ಪ್ರೋಟಿಯಸ್, ಸಿಟ್ರೊಬ್ಯಾಕ್ಟರ್ ಮುಂತಾದವು. ಸುಮಾರು ನೂರು ವರ್ಷ ಹೆಚ್ಚಿನವರು ಒಂದೇ ಗುಂಪಿನ ಬೆನ್ನು ಹತ್ತಿದ್ದಾಗ, ಇವರು ಅದರ ಜೊತೆಗಾರರ ಕಡೆ ತಿರುಗಿದರು. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ. ಉಳಿದದ್ದು ಜಾಣತನದ ಅಡುಗೆ.

ಆ ಅಡುಗೆಯನ್ನೂ ಹೇಳಬೇಕು. ಜೀವಾಣುಗಳಿಗೆ ಆಹಾರವಾಗಿ ಪೆಪ್ಟೋನ್. ಬೇಡದ ಜೀವಾಣುಗಳನ್ನು ಹಿಂದಕ್ಕೆ ಸರಿಸಲು ಟೀಪಾಲ್, ಅಂದರೆ ಪಾತ್ರೆ ತೊಳೆಯುವ ಮಾರ್ಜಕದ ಜಾತಿಯದು. ಗಂಧಕ ಒದಗಿಸಲು ಸೋಡಿಯಂ ಥಯೋಸಲ್ಫೇಟ್. ಇದು ನೀರಿನಲ್ಲಿ ಉಳಿದ ಕ್ಲೋರಿನ್ನನ್ನೂ ನಿಷ್ಕ್ರಿಯಗೊಳಿಸುತ್ತದೆ, ಇಲ್ಲದಿದ್ದರೆ ಬಾಟಲಿಯೊಳಗೂ ಕ್ಲೋರಿನ್ ತನ್ನ ಕೆಲಸ ಮುಂದುವರಿಸಿ ಫಲಿತಾಂಶ ಕೆಡಿಸೀತು. ಕೊನೆಗೆ ಕಬ್ಬಿಣದ ಒಂದು ಲವಣ. ಜೀವಾಣುಗಳು ಬಿಟ್ಟ ಅನಿಲ ಕಬ್ಬಿಣದೊಂದಿಗೆ ಕೂಡಿದರೆ ಕಬ್ಬಿಣದ ಸಲ್ಫೈಡ್ ಆಗುತ್ತದೆ, ಅದು ಕಡುಕಪ್ಪು. ಮೋರಿಯ ತಳದ ಹೂಳು ಕಪ್ಪಗಿರುವುದೂ ಇದರಿಂದಲೇ. ಈ ದ್ರಾವಣವನ್ನು ಹೀರುಕಾಗದಕ್ಕೆ ಕುಡಿಸಿ, ಒಣಗಿಸಿ, ಬಾಟಲಿಗೆ ಹಾಕಿಟ್ಟರೆ ಮುಗಿಯಿತು. 20 ಮಿಲಿಲೀಟರ್ ನೀರು, 30ರಿಂದ 37 ಡಿಗ್ರಿ ಸೆಲ್ಸಿಯಸ್ ಬಿಸಿ, 12ರಿಂದ 18 ಗಂಟೆ. ಉಷ್ಣತೆ ಕಡಿಮೆಯಿದ್ದಲ್ಲಿ ಎರಡು ದಿನ ಕಾಯುವುದು ಒಳ್ಳೆಯದೆಂದು ಆಮೇಲೆ ಪರೀಕ್ಷಿಸಿದವರು ಹೇಳಿದ್ದಾರೆ. ಸೂಕ್ಷ್ಮದರ್ಶಕ ಬೇಡ, ಎಣಿಕೆ ಬೇಡ. ಓದು ಬಾರದವರೂ ಓದಬಹುದಾದ ಫಲಿತಾಂಶ. ಇಂದು ಜಲಜೀವನ ಮಿಷನ್ ಅಡಿಯಲ್ಲಿ ಊರೂರಿನ ಹೆಣ್ಣುಮಕ್ಕಳು ಹಿಡಿದು ನಡೆಯುವ ಬಾಟಲಿಗಳ ಮೂಲ ಈ ಐದು ಪುಟ.

ಬೆಳಿಗ್ಗೆ ಎದ್ದು ನೋಡಿದರೆ ಬೀದಿ ನಲ್ಲಿಯ ಬಾಟಲಿ ತಿಳಿಯಾಗಿತ್ತು. ಬೋರ್‌ವೆಲ್ಲಿನದೂ ಹಾಗೆಯೇ. ನಡುವಿನದು, ನಮ್ಮ ಸಂಪಿನದು, ಮಸಿಯ ಹಾಗೆ ಕಪ್ಪಾಗಿತ್ತು. ಆ ನೀರಿನಲ್ಲೇ ಮಗುವಿನ ಬಾಯಿ ತೊಳೆಸುತ್ತಿದ್ದೆವು, ಸೊಪ್ಪು ತೊಳೆಯುತ್ತಿದ್ದೆವು. ಫಿಲ್ಟರ್ ಇದ್ದದ್ದು ಕುಡಿಯುವ ನೀರಿಗೆ ಮಾತ್ರ.

ಸಂಪು ಖಾಲಿ ಮಾಡಿಸಿದೆವು. ಕೆಳಗಿಳಿದ ಪ್ಲಂಬರ್ ಟಾರ್ಚ್ ಹಿಡಿದು, “ಸಾರ್, ಇಲ್ಲಿ ನೋಡಿ” ಎಂದರು. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು, ಅದರಿಂದ ತೇವ ಇಳಿಯುತ್ತಿತ್ತು. ಗೋಡೆಯ ಆಚೆ ಮೂರಡಿ ದೂರದಲ್ಲಿ ನಮ್ಮದೇ ಬಚ್ಚಲು, ಕಕ್ಕಸಿನ ಚೇಂಬರ್. ಸಂಪು ತುಂಬಿದ್ದಾಗ ನೀರು ಹೊರಗೆ ಜಿನುಗುತ್ತದೆ, ಮಟ್ಟ ಇಳಿದಾಗ ಹೊರಗಿನದು ಒಳಗೆ ಬರುತ್ತದೆ. ಸರದಿಯಲ್ಲಿ ನೀರು ಬಿಡುವ ಎಲ್ಲ ಊರುಗಳ ನೆಲದಡಿಯ ಪೈಪುಗಳಿಗೂ ಇದೇ ಅಪಾಯ. ಒತ್ತಡ ಇಲ್ಲದ ಹೊತ್ತಿನಲ್ಲಿ ಪೈಪು ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳಬಲ್ಲದು.

ಚೇಂಬರ್ ಜಾಗ ಬದಲಾಯಿಸಿ, ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದ ಮೇಲೆ ಇನ್ನೊಂದು ಬಾಟಲಿ ಇಟ್ಟೆವು. ಎರಡು ದಿನವಾದರೂ ಕಪ್ಪಾಗಲಿಲ್ಲ.

ಬೋರ್‌ವೆಲ್ ನೀರು ಹೇಗೂ ತಿಳಿಯಾಗಿತ್ತಲ್ಲ, ಅಡುಗೆಗೆ ಅದನ್ನೇ ಬಳಸೋಣ ಎಂದೆ. ಗೆಳೆಯರು ತಡೆದರು. ಈ ಬಾಟಲಿ ಮಲ ಸೇರಿದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಉತ್ತರವೂ ಪಕ್ಕಾ ಅಲ್ಲ, ಕೆಲವೊಮ್ಮೆ ಮಲದ ಸಂಬಂಧವೇ ಇಲ್ಲದ ಅಂತರ್ಜಲದ ಜೀವಾಣುಗಳಿಂದಲೂ ಕಪ್ಪಾಗಬಹುದು. ಫ್ಲೋರೈಡ್, ಯುರೇನಿಯಂ, ನೈಟ್ರೇಟ್ ಅದಕ್ಕೆ ಕಾಣುವುದೇ ಇಲ್ಲ. ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿಯಲ್ಲಿ ಕೋಲೈ ಇರಲಿಲ್ಲ. ನೈಟ್ರೇಟ್ ಮಾತ್ರ ಲೀಟರಿಗೆ 45 ಮಿಲಿಗ್ರಾಂ ಎಂಬ ಭಾರತೀಯ ಮಾನಕದ ಮಿತಿಯನ್ನು ದಾಟಿತ್ತು. ಮನೆಗಳ ಗುಂಡಿ, ಮೋರಿಗಳಿಂದ ವರ್ಷಗಟ್ಟಲೆ ಮಣ್ಣಿಗಿಳಿದ ಕೊಳಚೆಯಲ್ಲಿ ಜೀವಾಣುಗಳು ಸೋಸಿಹೋಗಿ ಸತ್ತರೂ ಅದರ ಸಾರಜನಕ ನೈಟ್ರೇಟ್ ಆಗಿ ಉಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಹೆಚ್ಚಿದ ನೈಟ್ರೇಟ್ ಬಹಳ ಸಲ ಹೀಗೆ ಬಂದದ್ದೇ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಹಸುಗೂಸುಗಳ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಅದು ಕುಂದಿಸುತ್ತದೆ.

ಅಂದೇ ಬೋರ್‌ವೆಲ್ ಪೈಪನ್ನು ಅಡುಗೆಮನೆಯಿಂದ ಕತ್ತರಿಸಿ ಕಕ್ಕಸು, ಗಿಡಗಳಿಗಷ್ಟೇ ಉಳಿಸಿದೆವು. ವರದಿ ಹಿಡಿದು ಅಜ್ಜಿಯ ಮನೆಗೆ ಹೋದೆ. ಅವರ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಅಲ್ಲಿ ಒಲೆಯ ಮೇಲೆ ಕೂಸಿಗೆಂದು ಬೋರ್‌ವೆಲ್ ನೀರು ಕುದಿಯುತ್ತಿತ್ತು.